ಧಾರಾವಾಹಿಯಲ್ಲಿ ಅತ್ತವಳು

ಹಳೆಯ ಐತಿಹಾಸಿಕ ಕಾದಂಬರಿಗಳನ್ನು ಆಧರಿಸಿ ತೆಗೆದ ಮರಾಠಿ ಧಾರಾವಾಹಿಯಲ್ಲಿ ಚೆನ್ನವ್ವ ಸತ್ತ ಸಿಪಾಯಿಯೊಬ್ಬನ ಹೆಂಡತಿಯ ಪಾತ್ರ ಮಾಡಿದ್ದಳು. ಕೊಲ್ಹಾಪುರದ ಚಿತ್ರೀಕರಣದಲ್ಲಿ ಎಷ್ಟು ಮಾಡಿದರೂ ಅಳು ಬರಲಿಲ್ಲ. ಕೊನೆಗೆ ಹೆಣದ ಜಾಗದಲ್ಲಿ ಬದುಕಿರುವ ತನ್ನ ಗಂಡ ಕಾಡಪ್ಪನನ್ನೇ ನೆನೆಸಿಕೊಂಡು, ಅವನ ಹೆಸರು ಹಿಡಿದು ಕೂಗಿ ಅತ್ತಳು. ಆ ಕೂಗು ಅಂದಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಅದರ ಮೇಲೆ ಸಂಗೀತ ಹಾಕುತ್ತಾರೆ, ಯಾರಿಗೂ ಕೇಳಿಸದು ಎಂದು ಧೈರ್ಯ ತಂದುಕೊಂಡಿದ್ದಳು.

ಆ ಭಾಗ ಟಿ.ವಿ.ಯಲ್ಲಿ ಬಂದ ಸಂಜೆ ಇಚಲಕರಂಜಿಯ ಶಹಾಪುರದ ಅವರ ಖೋಲಿಯಲ್ಲಿ ನೆರೆಯವರೆಲ್ಲ ಸೇರಿದ್ದರು. ನಿಜಕ್ಕೂ ಸಂಗೀತವಷ್ಟೇ ಕೇಳಿಸಿತು.

"ಭಾಳ ಚಂದ ಅತ್ತೀ ಬಿಡವಾ! ಏ ಕಾಡಪ್ಪಾ, ನಿನಗೂ ಹಿಂಗ ಅಳತಾಳೇನೋ?" ಎಂದು ಪಕ್ಕದ ಮನೆಯ ಮುದುಕಿ ಛೇಡಿಸಿದಳು.

ಕಾಡಪ್ಪ ನಗದೆ ಟಿ.ವಿ.ಯಲ್ಲಿ ಅವಳ ತುಟಿಗಳನ್ನೇ ನೋಡುತ್ತಿದ್ದ. ಕಾರ್ಖಾನೆಯ ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ, ಎಷ್ಟೋ ವರ್ಷ ಜೊತೆಯವರ ತುಟಿ ನೋಡಿಯೇ ಮಾತು ತಿಳಿದುಕೊಂಡವನು ಅವನು. ಚೆನ್ನವ್ವನಿಗೆ ಅದು ಈಗ ನೆನಪಾಯಿತು.

ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದ: "ಹೆಣಾ ಆಗಿದ್ದಂವಾ ಆಮ್ಯಾಲ ಎದ್ದನೇನ?"

"ಎದ್ದನ್ರಿ. ಎದ್ದು ಚಾ ಕುಡದ."

"ಹಂಗಾರ ನನಗೂ ಒಂದೀಟ ಚಾ ಮಾಡು," ಎಂದು ಬಿಳಿಚಿದ ಮುಖದಲ್ಲಿ ನಗು ತರಲು ನೋಡಿದ.

ಅವನು ಚಹಾ ಕುಡಿದು ಮುಗಿಸುವವರೆಗೆ ಚೆನ್ನವ್ವ ಅವನ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಳು.