ಅಧ್ಯಕ್ಷರು ಮಡಚಿಟ್ಟ ಶಾಲು

ತಿಕೋಟಾದಲ್ಲಿ ಮಾಸ್ತರನಾಗಿದ್ದ ಅಂಬಾದಾಸ ೧೯೭೬ರ ಹೊತ್ತಿಗೆ ನಾಲ್ಕು ಕಾದಂಬರಿ ಬರೆದಿದ್ದ. ನಾಲ್ಕರಲ್ಲೂ ಗಂಡಸೊಬ್ಬ ಇನ್ನೊಬ್ಬ ಗಂಡಸನ್ನು ಪ್ರೀತಿಸುತ್ತಾನೆ. ಅದನ್ನು ಆತ ಮುಚ್ಚಿಟ್ಟೇನೂ ಬರೆದಿರಲಿಲ್ಲ. ಆದರೂ ಜಿಲ್ಲೆಯ ಒಬ್ಬ ವಿದ್ವಾಂಸನ ಕಣ್ಣಿಗೂ ಅದು ಬೀಳಲಿಲ್ಲ. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಪ್ರಕಾಶಕ ಪ್ರತಿ ಪುಸ್ತಕದ ಮುಖಪುಟಕ್ಕೂ ಕೊಡ ಹೊತ್ತ ಹೆಂಗಸಿನ ಚಿತ್ರ ಹಾಕಿಸಿದ. ಪುಸ್ತಕದೊಳಗೆ ಅಂಥ ಹೆಂಗಸು ಎಲ್ಲೂ ಇಲ್ಲ. ಆಕೆಯೇ ನಾಡಿನ ಆತ್ಮವೆಂದು ವಿಮರ್ಶಕನೊಬ್ಬ ಎರಡು ಕಾಲಂ ಬರೆದ.

ನಾಲ್ಕನೆಯ ಕಾದಂಬರಿಯ ನಾಯಕ ಸಿದ್ದರಾಯ, ಅವನ ಪ್ರಿಯಕರ ದಾದಾಸಾಬ. ಆ ಎರಡು ಹೆಸರು ನೋಡಿದ್ದೇ ಬಬಲೇಶ್ವರದ ಸಾಹಿತ್ಯ ಸಂಘದವರಿಗೆ ಕಣ್ಣು ತುಂಬಿ ಬಂದವು. ಹಿಂದೂ-ಮುಸ್ಲಿಂ ಭಾವೈಕ್ಯ! ಹೆಸರಿನಾಚೆ ಓದುವ ಕಷ್ಟ ತೆಗೆದುಕೊಳ್ಳದೆ ಸನ್ಮಾನ ಗೊತ್ತುಮಾಡಿದರು. ಸನ್ಮಾನವಾದರೆ ಮಾತ್ರ ಮುಂದಿನ ಕಾದಂಬರಿ ಅಚ್ಚಿಗೆ ಎಂದು ಪ್ರಕಾಶಕನೂ ಹೇಳಿಬಿಟ್ಟ.

ಅಂಬಾದಾಸ ಸುದ್ದಿ ಹೇಳಲು ಜೋರಾಪುರ ಪೇಟೆಗೆ ಹೋದ. ಅಲ್ಲಿ ಅಂಗಿ ಹೊಲಿಯುವ ಜಿಲಾನಿ ಎಷ್ಟೋ ವರ್ಷಗಳಿಂದ ಅವನ ಜೀವ.

"ಅಂದ್ರ ನಾವಿಬ್ರೂ ಇನ್ನ ಅಣ್ತಮ್ರು ಏನಲೇ?" ಎಂದ ಜಿಲಾನಿ.

"ಅವರು ಹಂಗ ತಿಳ್ಕೊಂಡಾರ."

"ತಿಳ್ಕೊಳ್ಳಲಿ. ನೀ ಏನಂತಿ? ಶಾಲು ಹೊತ್ಕೊಂಡು ಸುಮ್ನ ಕುಂತಿ ಅಂದ್ರ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ."

ನಗುತ್ತಲೇ ಅಂದ. ಆದರೆ ಕತ್ತರಿ ಕೆಳಗಿಟ್ಟಿದ್ದ. ಕತ್ತರಿ ಕೆಳಗಿಟ್ಟು ಆಡಿದ ಮಾತನ್ನು ಜಿಲಾನಿ ಎಂದೂ ಹಿಂತೆಗೆದುಕೊಂಡವನಲ್ಲ.

ಸಭೆಯಲ್ಲಿ ಅಧ್ಯಕ್ಷ ಗೊಲ್ಲಾಳಪ್ಪನವರು ಬಹಳ ಹೊತ್ತು ಮಾತಾಡಿದರು. ಕಾದಂಬರಿಯ ಹೆಸರನ್ನೇ ತಪ್ಪು ಹೇಳಿದರು. ಆಮೇಲೆ ಅಂಬಾದಾಸ ಎದ್ದ. ಹಿಂದಿನ ಸಾಲಿನಲ್ಲಿ ಕೂತಿದ್ದ ಜಿಲಾನಿಯ ಕಡೆ ನೋಡಿದ.

"ಸಿದ್ದರಾಯ, ದಾದಾಸಾಬ ಅಣ್ಣತಮ್ಮರಲ್ಲರಿ. ಗಂಡ-ಹೆಂಡ್ತಿ ಹೆಂಗ ಪ್ರೀತಿ ಮಾಡ್ತಾರ, ಹಂಗ ಮಾಡ್ತಾರ್ರಿ. ನಾನೂ ಅಲ್ಲಿ ಕುಂತ ಜಿಲಾನೀನ್ನ ಹಂಗ ಪ್ರೀತಿ ಮಾಡೇನಿ."

"ಶಾಬಾಸ್ ಮಾಸ್ತರ! ಎಂಥಾ ಉಪಮಾ ಕೊಟ್ರಿ!" ಗೊಲ್ಲಾಳಪ್ಪನವರು ಕಣ್ಣೊರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. "ಜಿಲಾನಿಸಾಬ್ರ, ಮ್ಯಾಲ ಬರ್ರಿ. ಅಣ್ಣತಮ್ಮರಗತೆ ಅಪ್ಗೋರಿ, ಜನಾ ನೋಡ್ಲಿ!"

ಜಿಲಾನಿ ಬಂದು ಅಪ್ಪಿಕೊಂಡ.

"ಹೇಳಿದ್ನಲ್ಲೋ," ಎಂದ ಅಂಬಾದಾಸ ಅವನ ಕಿವಿಯಲ್ಲಿ.

"ಕೇಳೇನಿ. ಈ ಕತ್ತೆಗೋಳಿಗೆ ಕಿವಿ ಇಲ್ಲ. ಕೈ ಬಿಡಬ್ಯಾಡ."

ಬಿಡಲಿಲ್ಲ. ಚಪ್ಪಾಳೆ ಮುಗಿಯಿತು. ಜಿಲಾನಿ ಅಂಬಾದಾಸನ ಕೊರಳಿಗೆ ಮುಖವಿಟ್ಟು, ಅಳುವ ಮಗುವನ್ನು ಸಂತೈಸುವಂತೆ ಅವನ ಬೆನ್ನು ಸವರುತ್ತಿದ್ದ. ಯಾರೋ ಕೆಮ್ಮಿದರು. ಹೆಂಗಸರ ಸಾಲಿನಲ್ಲಿದ್ದ ಪರಸವ್ವ ಪಕ್ಕದವಳಿಗೆ, "ಮತ್ತ ಆಗಳೇ ಹೇಳಿದ್ನಲ್ಲ ಬೇ ಮಾಸ್ತರ, ಗಂಡ-ಹೆಂಡ್ತಿ ಹಂಗ ಅಂತ!" ಎಂದಳು. ಅದು ಸಭೆಗೆಲ್ಲ ಕೇಳಿಸಿತು.

ಗೊಲ್ಲಾಳಪ್ಪನವರಿಗೆ ಆಗ ತಿಳಿಯಿತು. ಹೊದಿಸಲೆಂದು ಬಿಚ್ಚಿ ಹಿಡಿದಿದ್ದ ಶಾಲನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದರು. "ವಂದನಾರ್ಪಣೆ ಮಾಡ್ರಿ, ಲಗೂ ಮಾಡ್ರಿ," ಎಂದು ಕಾರ್ಯದರ್ಶಿಯ ಮೇಲೆ ಹರಿಹಾಯ್ದರು. ಮುಂದಿನ ಸಾಲಿನಲ್ಲಿದ್ದ ಪ್ರಕಾಶಕ ಯಾರ ಕಡೆಗೂ ನೋಡದೆ ಚಪ್ಪಲಿ ಹುಡುಕಿಕೊಂಡು ಹೊರಟ.

"ಹೋತು ನೋಡು ನಿನ್ನ ಕಾದಂಬರಿ," ಎಂದ ಜಿಲಾನಿ.

"ಹೋಗ್ಲಿ ಬಿಡು. ನಿನಗ ಓದಿ ಹೇಳ್ತೇನಿ."

ಇಬ್ಬರೂ ಕೈ ಹಿಡಿದುಕೊಂಡೇ ವೇದಿಕೆಯಿಂದ ಇಳಿದರು.