ಮಾವನ ಮಟ್ಟಗೋಲು

ಸೋಮವಾರ ಬಂದ ಚಿತ್ರಗಾರ್ತಿ ಮಾದರಿಯ ಚೌಕಟ್ಟನ್ನು ಕೈಗೆತ್ತಿಕೊಂಡು, ಮೂಲೆಯ ಕೂಡಿಕೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದಳು. ಉಗುರು ಸಿಕ್ಕಿಕೊಂಡಿತು. ಆಕೆ ಮುಖ ಸಿಂಡರಿಸಲಿಲ್ಲ. ಗುರುವಾರ ನಾಲ್ಕು ಗಂಟೆಗೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಉಗುರು ಸಿಕ್ಕದ ಮೂಲೆ ತೋರಿಸಿದರೆ ಪ್ರದರ್ಶನದ ಮೂವತ್ತು ಚೌಕಟ್ಟೂ ನಿಮ್ಮವೇ, ಇಲ್ಲವಾದರೆ ಪ್ಲಾಸ್ಟಿಕ್ಕಿನವು ಹೇಗೂ ಸಿಗುತ್ತವೆ ಎಂದಷ್ಟೇ ಹೇಳಿ ಹೊರಟಳು.

ಮಾವನಿಂದ ಬಡಗಿ ಕೆಲಸ ವಹಿಸಿಕೊಂಡ ಮೇಲೆ ಸೊಸೆಗೆ ಒಲಿದು ಬಂದ ಮೊದಲ ದೊಡ್ಡ ಕೆಲಸ ಅದು. ಮನೆಯ ಹಿಂದಿನ ಒಂದೇ ಕೋಣೆ ಅವಳ ಕಾರ್ಖಾನೆ. ಅದರ ನಡುವೆ ಗರಗಸದ ಮೇಜು: ಎರಕದ ಕಬ್ಬಿಣದ ಹಾಸು, ಅದರ ಸೀಳಿನಿಂದ ತಲೆ ಎತ್ತಿದ ದುಂಡು ಗರಗಸ, ಎರಡೂ ಪಕ್ಕಕ್ಕೆ ಬೋಲ್ಟು ಹಾಕಿ ಕೂರಿಸಿದ ರೆಕ್ಕೆಗಳು. ಚೌಕಟ್ಟಿನ ಮೂಲೆ ಕತ್ತರಿಸಲೆಂದೇ ಅವಳು ಅಗಲವಾದ ಒಂದು ಜಾರುಹಲಗೆ ಮಾಡಿಕೊಂಡಿದ್ದಳು. ಅದರ ಅಡಿಯ ಪಟ್ಟಿಗಳು ಹಾಸಿನ ಕಾಲುವೆಗಳಲ್ಲಿ ಜಾರುತ್ತವೆ. ಮೇಲೆ ನಲವತ್ತೈದು ಡಿಗ್ರಿಗೆ ಎರಡು ಆನಿಕೆಗಳಿವೆ. ಮರವನ್ನು ಆನಿಕೆಗೆ ಒತ್ತಿ ಹಿಡಿದು ಹಲಗೆಯನ್ನೇ ಗರಗಸದತ್ತ ತಳ್ಳಿದರೆ ಆಯಿತು.

ಆಯಿತು ಎಂದೇ ಅವಳೂ ಅಂದುಕೊಂಡಿದ್ದಳು. ಮಂಗಳವಾರ ಆನಿಕೆಗಳ ಕೋನ ತಿದ್ದಿದಳು, ಕೂಡಿಕೆಯ ಬಿರುಕು ಹೋಗಲಿಲ್ಲ. ಬುಧವಾರ ಪಟ್ಟಿಗಳನ್ನು ತೀಡಿ ಮೇಣ ಹಚ್ಚಿದಳು. ಹಲಗೆ ಬೆಣ್ಣೆಯ ಹಾಗೆ ಜಾರಿತು, ಬಿರುಕು ಮಾತ್ರ ಜಗ್ಗಲಿಲ್ಲ. ಹೊಸ್ತಿಲಲ್ಲಿ ಪತ್ರಿಕೆ ಓದುತ್ತ ಕೂತಿದ್ದ ಮಾವ ಹಾಳೆ ಮಗುಚಿದಾಗಲೆಲ್ಲ ಒಂದೊಂದು ಸಲಹೆ ಕೊಟ್ಟರು. ಅತ್ತೆ, ಬಿರುಕಿಗೆ ಮರದ ಪುಡಿ ತುಂಬಿಬಿಡು, ಇವರು ಜೀವಮಾನವೆಲ್ಲ ಮಾಡಿದ್ದು ಅದನ್ನೇ ಎಂದರು.

ಗುರುವಾರ ಬೆಳಿಗ್ಗೆ ಅವಳು ಜಾರುಹಲಗೆಯ ಅಡಿಗೆ ಒಂದು ಕಾಗದ ತೂರಿಸಿದಳು. ರೆಕ್ಕೆಗಳ ಹೊರ ಅಂಚಿನಲ್ಲಿ ಅದು ಸಿಕ್ಕಿಕೊಂಡಿತು. ನಡುವೆ, ಗರಗಸದ ಬಳಿ, ಸಲೀಸಾಗಿ ಆಚೆ ಬಂತು. ಅಂದರೆ ಹಲಗೆ ಹಾಸಿನ ಮೇಲೆ ಕೂತೇ ಇರಲಿಲ್ಲ. ಎರಡು ತುದಿಗಳನ್ನು ರೆಕ್ಕೆಗಳ ಮೇಲೆ ಊರಿ, ನಡುವನ್ನು ಗಾಳಿಯಲ್ಲಿ ತೂಗಿಬಿಟ್ಟಿತ್ತು. ಕೈಯೊತ್ತಿದಾಗ ನಡು ತಗ್ಗುತ್ತಿತ್ತು, ಎಡಬಲದ ಎರಡೂ ತುಂಡು ಒಳಕ್ಕೆ ವಾಲಿ ಕತ್ತರಿಸಿಕೊಳ್ಳುತ್ತಿದ್ದವು.

"ರೆಕ್ಕೆಗಳು ಎದ್ದಿವೆ ಮಾವ," ಎಂದಳು. "ಬಲಗಡೇದು ಇನ್ನೂ ಜಾಸ್ತಿ."

"ಹೆಂಗೆ ಏಳ್ತವಮ್ಮ? ಹೋದ ತಿಂಗಳು ಮಟ್ಟಗೋಲು ಇಟ್ಟೇ ಕೂರಿಸಿದ್ವಲ್ಲ. ಒಂದು ತುದಿ ನಾನೇ ಹಿಡ್ಕೊಂಡಿದ್ದೆ."

ಆಳುದ್ದದ ಆ ತೇಗದ ಮಟ್ಟಗೋಲಿಗೆ ಗೋಡೆಯಲ್ಲಿ ಅದರದೇ ಮೊಳೆ ಇತ್ತು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಯಾವುದು ನೇರ, ಯಾವುದು ಸೊಟ್ಟ ಎಂದು ತೀರ್ಮಾನಿಸುತ್ತಿದ್ದದ್ದು ಅದು. ಒಮ್ಮೆ ಜೇಡರ ಬಲೆ ತೆಗೆಯಲು ಅದನ್ನು ಎತ್ತಿಕೊಂಡ ತಪ್ಪಿಗೆ ಅವಳ ಗಂಡ ಒಂದು ವಾರ ಬೈಗುಳ ಕೇಳಿದ್ದ. ಎಲ್ಲವನ್ನೂ ಅದರಿಂದ ಅಳೆದಿದ್ದರು, ಅದನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ಅವಳ ಅನುಮಾನ ಈಗ ಆ ಕೋಲಿನ ಮೇಲೆಯೇ ಹೋಯಿತು. ಮಾವ ಚಹಾಕ್ಕೆಂದು ಒಳಗೆ ಹೋಗುವುದನ್ನೇ ಕಾದು, ಮೊಳೆಯಿಂದ ಇಳಿಸಿ, ಪ್ಲೈವುಡ್ ಹಾಳೆಯ ಮೇಲೆ ಇಟ್ಟು ಅಂಚಿನುದ್ದಕ್ಕೂ ಪೆನ್ಸಿಲ್ ಎಳೆದಳು. ಆಮೇಲೆ ಕೋಲನ್ನು ಮಗುಚಿ, ಅದೇ ಅಂಚನ್ನು ಅದೇ ಎರಡು ತುದಿಗಳಿಗೆ ಕೂಡಿಸಿ ಇನ್ನೊಂದು ಗೆರೆ ಎಳೆದಳು. ಕೋಲು ನೇರವಾಗಿದ್ದರೆ ಎರಡೂ ಒಂದೇ ಗೆರೆಯಾಗಬೇಕಿತ್ತು. ತುದಿಯಲ್ಲಿ ಕೂಡಿದ್ದ ಗೆರೆಗಳು ಮುಂದೆ ಬೇರೆಯಾಗಿ, ನಡುವಿನಲ್ಲಿ ಮೀನಿನ ಹೊಟ್ಟೆಯಂತೆ ಉಬ್ಬಿದ್ದವು. ಉಬ್ಬಿದ ನಡುವನ್ನು ಹಾಸಿನ ಮೇಲೆ ಊರಿದಾಗ ಕೋಲಿನ ತುದಿಗಳು ಮೇಲೆದ್ದಿರುತ್ತವೆ, ರೆಕ್ಕೆಗಳನ್ನೂ ಅಷ್ಟೇ ಎತ್ತರಕ್ಕೆ ಕೂರಿಸಿದ್ದರು.

ತಲೆ ಎತ್ತಿದರೆ ಲೋಟ ಹಿಡಿದು ಮಾವ ನಿಂತಿದ್ದರು.

ಅವರು ಕನ್ನಡಕ ಏರಿಸಿ, ಬಗ್ಗಿ, ಅಳತೆಪಟ್ಟಿ ಇಟ್ಟು ನೋಡಿದರು. ನಾಲ್ಕು ಮಿಲಿಮೀಟರು. ಮಗುಚಿದಾಗ ತಪ್ಪು ಎರಡು ಪಟ್ಟು ಕಾಣುತ್ತದೆ, ಆದ್ದರಿಂದ ಕೋಲಿನ ಡೊಂಕು ಎರಡೇ ಎಂದು ಅವಳು ಸಮಾಧಾನದ ದನಿಯಲ್ಲಿ ಹೇಳಿದಳು. ಮಾವ ಲೋಟ ಕೆಳಗಿಟ್ಟರು.

"ಹಂಗಾದ್ರೆ ಇಷ್ಟು ವರ್ಷ ನಾನು ಕೂರಿಸಿದ ಬಾಗಿಲುಗಳು?"

ಒಳಗಿನಿಂದ ಅತ್ತೆಯೇ ಉತ್ತರ ಕೊಟ್ಟರು. "ಅಡುಗೆಮನೆ ಬಾಗಿಲು ಮುಚ್ಚಲ್ಲ ಅಂತ ನಾನು ಈ ಮನೆಗೆ ಬಂದ ವರ್ಷದಿಂದ ಹೇಳ್ತಿದೀನಿ. ಗೋಡೆ ಸೊಟ್ಟ ಅಂದ್ರಿ."

ಮಾವ ಮುನಿಸಿಕೊಂಡು ಎದ್ದು ಹೋಗುತ್ತಾರೆಂದು ಸೊಸೆ ಅಂದುಕೊಂಡಳು. ಎದ್ದು ಹೋದದ್ದು ನಿಜ, ಆದರೆ ಐದು ನಿಮಿಷಕ್ಕೆ ಮೀನಿನ ಗಾಳದ ದಾರದ ಉಂಡೆಯೊಂದಿಗೆ ಮರಳಿದರು. ಬಿಗಿದ ದಾರಕ್ಕೆ ಡೊಂಕಾಗುವ ಚಾಳಿ ಇಲ್ಲಮ್ಮ, ಹಿಡಿ ಎಂದರು. ರೆಕ್ಕೆಯಿಂದ ರೆಕ್ಕೆಗೆ ದಾರ ಎಳೆದು ಬೋಲ್ಟು ಸಡಿಲಿಸಿ, ಇಬ್ಬರೂ ಮಧ್ಯಾಹ್ನದ ಊಟ ಮರೆತು ಒಂದೊಂದೇ ಮೂಲೆ ತಗ್ಗಿಸಿದರು. ಸರಿಸಮ ಮಾಡುವ ಗೋಜಿಗೇ ಹೋಗದೆ, ರೆಕ್ಕೆಗಳನ್ನು ಹಾಸಿಗಿಂತ ಒಂದು ರಟ್ಟಿನಷ್ಟು ಕೆಳಗೇ ಬಿಡೋಣ ಎಂದಳು ಸೊಸೆ. ತಗ್ಗಿದ ರೆಕ್ಕೆ ಹಲಗೆಯನ್ನು ಮುಟ್ಟುವುದಿಲ್ಲ, ಎದ್ದದ್ದು ಮಾತ್ರ ಎತ್ತುತ್ತದೆ. ಮಾವ ಒಂದು ಕ್ಷಣ ಯೋಚಿಸಿ, ಇದು ನನಗೇಕೆ ಹೊಳೆಯಲಿಲ್ಲ ಎಂಬಂತೆ ಮೀಸೆ ತೀಡಿಕೊಂಡರು.

ಈಗ ಕಾಗದ ನಡುವಿನಲ್ಲೂ ಸಿಕ್ಕಿಕೊಂಡಿತು. ಮೂರೂಕಾಲಿಗೆ ನಾಲ್ಕು ತುಂಡು ಕತ್ತರಿಸಿದಳು, ಮೂರೂವರೆಗೆ ಅಂಟು ಹಾಕಿ ಚೌಕಟ್ಟಿನ ಸುತ್ತ ಬಟ್ಟೆಪಟ್ಟಿ ಬಿಗಿದಳು.

ಚಿತ್ರಗಾರ್ತಿ ನಾಲ್ಕಕ್ಕೆ ಸರಿಯಾಗಿ ಬಂದಳು. ಮೊದಲ ಮೂಲೆಯ ಮೇಲೆ ಉಗುರು ಎಳೆದಳು. ಎರಡನೆಯದು, ಮೂರನೆಯದು, ನಾಲ್ಕನೆಯದು. ಮತ್ತೆ ಮೊದಲನೆಯದಕ್ಕೆ ಬಂದು, ಈ ಸಲ ಕಣ್ಣು ಮುಚ್ಚಿ ಎಳೆದಳು. ಕೂಡಿಕೆ ಎಲ್ಲಿದೆ ಎಂದು ಅವಳಿಗೆ ತಿಳಿಯಲಿಲ್ಲ. ಚೀಲದಿಂದ ಮೂವತ್ತು ಚಿತ್ರಗಳ ಅಳತೆ ಬರೆದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ಮಾವನಿಗೆ ಹೇಳಬೇಕೆಂದು ಸೊಸೆ ತಿರುಗಿ ನೋಡಿದರೆ ಹೊಸ್ತಿಲಲ್ಲಿ ಬರೀ ಪತ್ರಿಕೆ ಇತ್ತು. ಒಳಗೆ ಅಡುಗೆಮನೆಯ ಬಾಗಿಲಿಗೆ ಹತ್ತರಿ ಹೊಡೆಯುವ ಸದ್ದು ಕೇಳಿಸುತ್ತಿತ್ತು, ಅದರ ನಡುವೆ ಅತ್ತೆಯ ದನಿ.

"ಸುಮ್ನೆ ಹೆರೀಬೇಡಿ. ಮೊದ್ಲು ದಾರ ಹಿಡಿದು ನೋಡಿ."