ಹಿಂದಿನ ಸೀಟಿನ ಹ್ಯಾಂಡಲ್

‘ಹನ್ನೆರಡರಿಂದ ಐದನ್ನು ಕಳೆಯಿರಿ’ ಎಂದಿರಬೇಕಾದ ಕಡೆ, ಅಂಧ ಮಕ್ಕಳ ಲೆಕ್ಕದ ಪುಸ್ತಕದಲ್ಲಿ ‘ಅಳೆಯಿರಿ’ ಎಂದು ಅಚ್ಚಾಗಿತ್ತು. ಬ್ರೈಲ್ ಲಿಪಿಯಲ್ಲಿ ‘ಕ’ ಎಂದರೆ ಎರಡು ಉಬ್ಬುಚುಕ್ಕಿ, ಮೇಲೊಂದು ಕೆಳಗೊಂದು. ಕೆಳಗಿನದು ಏಳದಿದ್ದರೆ ಅದು ‘ಅ’ ಆಗಿಬಿಡುತ್ತದೆ. ಆ ಪುಟವನ್ನು ಬೆರಳಲ್ಲಿ ಓದಿ, ಸರಿಯಿದೆ ಎಂದು ಬಿಟ್ಟವಳು ನನ್ನ ಹೆಂಡತಿ. ಹುಟ್ಟಿನಿಂದ ಕಣ್ಣಿಲ್ಲದ ಅವಳು ಹನ್ನೊಂದು ವರ್ಷದಿಂದ ಅದನ್ನು ಅಚ್ಚು ಹಾಕುವ ಬ್ರೈಲ್ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾಳೆ. ಇಂಥ ತಪ್ಪು ಇದೇ ಮೊದಲು.

“ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಬೈಂಡಿಂಗಿಗೆ ಹಾಕ್ಬೇಕಾಗುತ್ತೆ” ಎಂದರು ಮ್ಯಾನೇಜರ್.

ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟಳು. “ಸೈಕಲ್ ಇಳಿದ್ಮೇಲೆ ಬೆರಳೆಲ್ಲ ಜೋಮು ಹಿಡಿದಿರುತ್ತೆ ಕಣ್ರೀ. ಮಧ್ಯಾಹ್ನ ಆದ್ರೂ ಬಿಡಲ್ಲ. ಚುಕ್ಕಿ ಸಿಗದ ಕಡೆ ಊಹೆ ಮಾಡ್ತೀನಿ.”

ನಮ್ಮದು ಇಬ್ಬರು ತುಳಿಯುವ ಉದ್ದನೆಯ ಸೈಕಲ್. ಮುಂದೆ ನಾನು, ಹಿಂದೆ ಅವಳು. ಎರಡು ತಿಂಗಳ ಹಿಂದೆ ಅವಳ ಹ್ಯಾಂಡಲ್ ಮುರಿದಾಗ ಹೊಸದನ್ನು ಕೂರಿಸಿದವನು ನಾನೇ. ಮರಗೆಲಸದವನಲ್ಲವೇ, ನನ್ನ ಹ್ಯಾಂಡಲ್ಲಿನ ಎತ್ತರ, ಅಗಲವನ್ನೆಲ್ಲ ಟೇಪು ಹಿಡಿದು ಅಳೆದು, ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಕೂರಿಸಿ ಬೀಗಿದ್ದೆ.

ಅವಳ ಸೋದರಮಾವನದು ಸೈಕಲ್ ರಿಪೇರಿ ಅಂಗಡಿ. ಮರುದಿನವೇ ಹೋದೆವು. ಮಾವ ಸೈಕಲ್ ಸುತ್ತ ಒಂದು ಸುತ್ತು ಹಾಕಿದರು.

“ಅಳಿಯಂದ್ರೇ, ಅಳತೆ ಏನೋ ಬೊಂಬಾಟಾಗಿದೆ. ಆದ್ರೆ ನನ್ನ ಸೊಸೆ ಏನು ಬಾಗಿಲು ಚೌಕಟ್ಟಾ?”

ನಾನು ಪೆಚ್ಚಾದೆ. ಅವರು ಹೆಗಲ ಮೇಲಿನ ಟವೆಲನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ಹಿಂದಿನ ಸೀಟು ಹತ್ತಿ, “ನಡೀರಿ” ಎಂದರು. ನಾಲ್ಕು ಬೀದಿ ಸುತ್ತಿ ಬಂದೆವು. ಇಳಿದಾಗ ಅವರ ಮುಖ ಬೆವೆತಿತ್ತು.

“ಹಳ್ಳ ಬರೋದು ನಿಮಗೆ ಮೊದ್ಲೇ ಕಾಣುತ್ತೆ, ಕೈ ಸಡಿಲ ಬಿಡ್ತೀರಿ. ಹಿಂದೆ ಕೂತೋರಿಗೆ ಬಿದ್ಮೇಲೇ ಗೊತ್ತು. ಅದಕ್ಕೇ ಇವಳು ದಾರಿಯುದ್ದಕ್ಕೂ ಬಿಗಿ ಹಿಡ್ಕೊಂಡಿರ್ತಾಳೆ. ಅದೂ ಅಷ್ಟು ಮುಂದಕ್ಕೆ ಬಗ್ಗಿ! ಮೈಭಾರ ಎಲ್ಲ ಅಂಗೈ ಮೇಲೆ.”

ಹ್ಯಾಂಡಲ್ ಬಿಚ್ಚಿ ಪಕ್ಕಕ್ಕಿಟ್ಟರು. ಸೈಕಲ್ಲನ್ನು ನಾನು ಹಿಡಿದುಕೊಂಡೆ, ಅವಳು ಸೀಟಿನಲ್ಲಿ ಕೂತಳು.

“ಹ್ಯಾಂಡಲ್ ವಿಷಯ ಮರೆತುಬಿಡಮ್ಮ. ಸುಮ್ನೆ ಕೈ ಚಾಚು. ಎಲ್ಲಿ ಹಾಯಾಗಿರುತ್ತೋ ಅಲ್ಲಿ ನಿಲ್ಸು.”

ಅವಳ ಕೈಗಳು ಮೇಲೆದ್ದು, ಅಂಗೈಗಳು ಎದುರುಬದುರಾಗಿ ಗಾಳಿಯಲ್ಲಿ ನಿಂತವು. ನಾನು ಕೂರಿಸಿದ್ದಕ್ಕಿಂತ ಒಂದು ಗೇಣು ಹಿಂದೆ, ನಾಲ್ಕು ಬೆರಳು ಮೇಲೆ. ಮಾವ ಪಕ್ಕದಲ್ಲಿ ಎರಡು ಕೋಲು ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. “ಇಳಿಸು. ಮತ್ತೆ ಚಾಚು.” ಐದು ಸಲ ಹಾಗೆ ಮಾಡಿಸಿದರು. ಐದು ಸಲವೂ ಕೈಗಳು ಅದೇ ಗೆರೆಗೆ ಬಂದು ನಿಂತವು.

ನಂಬಿಕೆಯಾಗದೆ ನಾನು ಟೇಪು ತೆಗೆದು ನೋಡಿದೆ. ಸೀಮೆಸುಣ್ಣದ ಗೆರೆಯ ದಪ್ಪದಷ್ಟೂ ಆಚೀಚೆ ಆಗಿರಲಿಲ್ಲ. ಗುರುತು ಹಾಕದೆ ಎರಡು ಹಲಗೆಯನ್ನು ಸಮನಾಗಿ ಕೊಯ್ಯಲು ನನ್ನಿಂದ ಇವತ್ತಿಗೂ ಆಗಿಲ್ಲ. ಇಷ್ಟು ವರ್ಷ ಬೆನ್ನ ಹಿಂದೆಯೇ ಇದ್ದವಳ ಕೈಯನ್ನು ನಾನು ಅವತ್ತೇ ಮೊದಲ ಸಲ ನೋಡಿದೆ.

ಮಾವ ಹ್ಯಾಂಡಲ್ಲಿನ ಪೈಪನ್ನು ಕಾಯಿಸಿ, ಗುರುತಿಗೆ ಸರಿಯಾಗಿ ಮೇಲಕ್ಕೂ ಹಿಂದಕ್ಕೂ ಬಗ್ಗಿಸಿದರು. ಕೈ ಬದಲಾಯಿಸಲು ಮುಂದೆ ಇನ್ನೆರಡು ಹಿಡಿ ಬೆಸುಗೆ ಹಾಕಿ, ಎಲ್ಲಕ್ಕೂ ಬಟ್ಟೆ ಸುತ್ತಿ, ಮೇಲೆ ಹಳೆಯ ಟ್ಯೂಬು ಬಿಗಿದರು. ನೋಡಲು ಆಡಿನ ಕೊಂಬಿನಂತಿತ್ತು. “ಒಂದೇ ಕಡೆ ಹಿಡ್ಕೊಂಡು ಕೂರ್ಬೇಡ. ಬೇಜಾರಾದಾಗೆಲ್ಲ ಕೈ ಬದಲಾಯ್ಸು. ನೀವೂ ಅಷ್ಟೇ ಅಳಿಯಂದ್ರೇ, ಹಳ್ಳ ಕಂಡ್ರೆ ಮೊದ್ಲೇ ಬಾಯಿಬಿಟ್ಟು ಹೇಳಿ.”

ಜೋಮು ಒಂದೇ ದಿನಕ್ಕೆ ಬಿಡಲಿಲ್ಲ. ನಾನು ದಿನಾ ಹಳ್ಳ, ಉಬ್ಬು, ಕಲ್ಲು ಎಂದು ಕೂಗುತ್ತಾ ತುಳಿದೆ. ಒಂಬತ್ತನೆಯ ದಿನ ಪ್ರೆಸ್ಸಿನ ಮುಂದೆ ಇಳಿದವಳು ಕೈ ಉಜ್ಜಿಕೊಳ್ಳದೆ ನೆಟ್ಟಗೆ ಒಳಗೆ ನಡೆದಳು. ನಾನೂ ಹಿಂದೆಯೇ ಹೋದೆ. ಮ್ಯಾನೇಜರ್ ಹೊಸ ಕರಡಿನ ಪುಟವೊಂದನ್ನು ಅವಳ ಮುಂದಿಟ್ಟು, ಕೈಕಟ್ಟಿ ನಿಂತರು.

ಬೆರಳು ಸರಸರನೆ ಓಡಿತು. ಏಳನೆಯ ಸಾಲಿನಲ್ಲಿ ನಿಂತಿತು.

“ಇಲ್ಲೊಂದು ಚುಕ್ಕಿ ಎದ್ದಿಲ್ಲ ಸಾರ್.”

ನಾನೂ ಅಲ್ಲಿ ಬೆರಳಾಡಿಸಿದೆ. ನನಗೆ ಸಿಕ್ಕಿದ್ದು ಬರೀ ಮರಳಿನಂಥ ತರಿ. ಮ್ಯಾನೇಜರ್ ಮೂಲಪ್ರತಿ ತೆಗೆದು ತಾಳೆ ನೋಡಿ, ಉಳಿದ ಕರಡಿನ ಕಟ್ಟನ್ನೆಲ್ಲ ಅವಳ ಮೇಜಿಗೆ ತಂದಿಟ್ಟರು.

ಅವಳ ಬೆರಳು ಆಗಲೇ ಎಂಟನೆಯ ಸಾಲಿನಲ್ಲಿತ್ತು. ಓದುತ್ತಲೇ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

“ಎರಡು ತಿಂಗಳಿಂದ ನಂಗೆ ಕಣ್ಣೇ ಕಾಣ್ತಿರ್ಲಿಲ್ಲ ಕಣ್ರೀ.”